ಪದ ಕೂಗುವ ಹುಡುಗಿ

ನನ್ನ ತಂಗಿ ಇಜೇರಿಯ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿ ಮುಗಿಸಿದಾಗ, ಅವಳಷ್ಟು ಇಂಗ್ಲಿಷ್ ಪದ ಬಲ್ಲವರು ಆ ಶಾಲೆಯಲ್ಲೇ ಇಲ್ಲ ಎಂದು ಮಾಸ್ತರರು ಊರ ತುಂಬ ಹೇಳಿಕೊಂಡು ಬಂದಿದ್ದರು. ದಿನಾ ಬೆಳಿಗ್ಗೆ ಪ್ರಾರ್ಥನೆಯ ನಂತರ ಅವಳು ಕಟ್ಟೆ ಹತ್ತಿ ಒಂದೊಂದೇ ದೊಡ್ಡ ಪದ ಕೂಗುತ್ತಿದ್ದಳು. ಅಂಗಳದಲ್ಲಿ ಸಾಲಾಗಿ ನಿಂತ ಮಕ್ಕಳು ಅದರ ಕನ್ನಡ ಅರ್ಥವನ್ನು ಒಟ್ಟಿಗೆ ಕೂಗುತ್ತಿದ್ದರು. ಎಂಥ ಗಂಟಲು ಆ ಹುಡುಗಿಯದು! ಹೈಸ್ಕೂಲಿನ ಮೂರೂ ವರ್ಷ ಕಟ್ಟೆ ಅವಳದೇ ಆಗಿತ್ತು.

ಅಪ್ಪನ ಮಾತು ಮಾತ್ರ ಕಡ್ಡಿ ಮುರಿದಂತಿತ್ತು. "ಹಾಸ್ಟೆಲ್ ಇರೋ ಕಾಲೇಜಿನ್ಯಾಗ ಸೀಟ್ ಸಿಕ್ರ ಓದ್ಲಿ. ದಿನಾ ಬಸ್ಸಿನ್ಯಾಗ ಜೇವರ್ಗಿಗಿ ತಿರುಗೂದು ಬ್ಯಾಡ. ಸಿಗಲಿಲ್ಲಂದ್ರ ಜಿಡಗಾದವ್ರಿಗಿ ಹೂಂ ಅಂತೇನಿ." ಜಿಡಗಾದವರು ಅವಳಿಗೆ ಸಂಬಂಧ ಕೇಳಿಕೊಂಡು ಬಂದಿದ್ದರು. ಇನ್ನೂ ಹದಿನಾರು ತುಂಬದ ಹುಡುಗಿಗೆ! ನನ್ನ ಮೈ ಉರಿದುಹೋಯಿತು. ನಾನು ಆಳಂದದಲ್ಲಿ ಕಚೇರಿ ಕೆಲಸಕ್ಕಿದ್ದೇನೆ, ಆದರೆ ಇರುವುದು ಅತ್ತೆಯ ಮನೆಯಲ್ಲಿ. ತಂಗಿಯನ್ನು ನಾನೇ ಇಟ್ಟುಕೊಳ್ಳುತ್ತೇನೆ ಎನ್ನಲು ನನಗೆಲ್ಲಿದೆ ಬಾಯಿ? ಅಲ್ಲಿಯದೇ ಒಂದು ಹಾಸ್ಟೆಲ್ ಕಾಲೇಜಿಗೆ ಅರ್ಜಿ ಹಾಕಿಸಿ, ಸಂದರ್ಶನಕ್ಕೆ ಕರೆಸಿಕೊಂಡೆ.

ಕೋಣೆಯ ಬಾಗಿಲು ತೆರೆದೇ ಇತ್ತು. ನಾನು ಹೊರಗಿನ ಬೆಂಚಿನ ಮೇಲಿದ್ದೆ. ಒಳಗಿದ್ದ ಮೇಡಂ, "ಅಬಂಡಂಟ್?" ಎಂದು ಕೇಳಿದರು.

"ಅಬಂಡಂಟ್!" ಎಂದು ತಂಗಿ ಕೋಣೆ ನಡುಗುವಂತೆ ಕೂಗಿ, ಕೈಕಟ್ಟಿ ನಿಂತಳು.

ಮೇಡಂ ಕಾದರು. ಅವಳೂ ಕಾದಳು.

"ಅಂದ್ರ ಏನಮ್ಮಾ?"

"ಅಬಂಡಂಟ್!" ಈ ಸಲ ಇನ್ನೂ ಜೋರು.

'ಹೇರಳ' ಅನ್ನೇ ನನ್ನವ್ವಾ, ಅನ್ನು ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತ, ಸೆರಗು ಹಿಂಡುತ್ತ ಕೂತೆ. ಬೇರೆ ಪದ ಕೊಟ್ಟರು, ಮತ್ತದೇ ಪಾಡು. ಕಡೆಗೆ ಮೇಡಂ ಮೆತ್ತಗೆ, "ಆಯ್ತಮ್ಮಾ, ಹೋಗು" ಅಂದರು.

ಹೊರಗೆ ಬಂದವಳ ರಟ್ಟೆ ಹಿಡಿದೆ. "ಏನಾತಬೇ ನಿನಗ? ಅರ್ಥ ಗೊತ್ತಿರಲಿಲ್ಲೇನು?"

"ಗೊತ್ತದಕ್ಕಾ. ಖರೇ ಅಂದ್ರ ಅರ್ಥ ಹುಡುಗೂರು ಹೇಳ್ತಾರಲ್ಲ. ನಾ ಕೂಗೂದು, ಅವ್ರು ಹೇಳೂದು. ಇಲ್ಲಿ ಯಾರೂ ಹೇಳಲೇ ಇಲ್ಲ."

ಹಿಡಿದ ರಟ್ಟೆ ಬಿಟ್ಟೆ. ಆ ಮಾಸ್ತರರು ಎದುರಿಗೆ ಸಿಕ್ಕಿದ್ದರೆ ಅವತ್ತು ಏನು ಅನ್ನುತ್ತಿದ್ದೆನೋ ನನಗೇ ಗೊತ್ತಿಲ್ಲ. ಮಗುವಿಗೆ ಒಂದೇ ಒಂದು ದಿನ ಒಬ್ಬಳೇ ನಿಂತು ಅರ್ಥ ಹೇಳು ಎಂದು ಯಾರೂ ಕೇಳಿರಲಿಲ್ಲವಲ್ಲ, ದೇವರೇ!

ಸಂಜೆ ಕಾಲೇಜಿನ ಬೋರ್ಡಿಗೆ ಹಚ್ಚಿದ ಹೆಸರುಗಳಲ್ಲಿ ಅವಳದಿರಲಿಲ್ಲ. ಅಪ್ಪನಿಗೆ ಹೇಳಲು ನಾನು ಫೋನ್ ತೆಗೆದರೆ ಅವಳು ಕಸಿದುಕೊಂಡಳು. "ಬಿಡಕ್ಕಾ, ನಾನೇ ಹೇಳ್ತೇನಿ." ಸ್ಪೀಕರ್ ಹಾಕಿ, ಗಂಟಲು ಸರಿಮಾಡಿಕೊಂಡು ಹೇಳಿದಳು: "ಅಪ್ಪಾ, ಸೀಟ್ ಸಿಗಲಿಲ್ಲ. ತಪ್ಪು ನಂದೇ. ಮತ್ತೊಂದ್ ಕಡೀಗಿ ಹಾಕ್ತೇನಿ. ಜಿಡಗಾದವ್ರಿಗಿ ಹೂಂ ಅನಬ್ಯಾಡಪ್ಪಾ, ನಿನ್ನ ಕಾಲು ಬೀಳ್ತೇನಿ."

ಆ ಕಡೆ ಅಪ್ಪ ಕೆಮ್ಮಿದ.

"ಅವ್ರಿಗಿ ನಿನ್ನೆನೇ ಹೂಂ ಅಂದೇನಿ. ನಾಳಿ ಬಸ್ಸಿಗಿ ಬಂದ್‌ಬಿಡು."