ಚಿತ್ತಮ್ಮನ ಮೇಲ್ಮನವಿಯಲ್ಲಿ ನಾನು ಬರೆದ ಸುಳ್ಳು

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ. ನಾನು ಮಧುಗಿರಿಯಲ್ಲಿ ವಕೀಲ. ಶಿರಾ, ಕೊರಟಗೆರೆ, ಪಾವಗಡ ಎಲ್ಲ ಕಡೆಯ ಕೋರ್ಟುಗಳಿಗೂ ಬಸ್ಸಿನಲ್ಲೇ ಓಡಾಡುತ್ತಿದ್ದೆ. ಬೆಳಿಗ್ಗೆ ಒಂದೂರು, ಮಧ್ಯಾಹ್ನ ಇನ್ನೊಂದೂರು. ಅದನ್ನೇ ದೊಡ್ಡಸ್ತಿಕೆ ಅಂದುಕೊಂಡಿದ್ದ ಕಾಲ ಅದು.

ಹುಲಿಕುಂಟೆ ಕಡೆಯ ಒಂದು ಹಳ್ಳಿಯಿಂದ ಚಿತ್ತಮ್ಮ ಎಂಬ ಹೆಂಗಸು ನನ್ನ ಹತ್ತಿರ ಬಂದರು. ಹೆಸರು ಬದಲಿಸಿದ್ದೇನೆ. ಕುರಿ ಸಾಕುವ ಮನೆತನ, ಐವತ್ತು ದಾಟಿದ ವಯಸ್ಸು. ತಂದೆ ತೀರಿಕೊಂಡ ಮೇಲೆ ಜಮೀನಿನಲ್ಲಿ ಪಾಲು ಕೇಳಿದರೆ ಅಣ್ಣ ಒಂದು ಹಳೆಯ ಪತ್ರ ತೋರಿಸಿದ್ದ. ಇಪ್ಪತ್ತು ವರ್ಷಕ್ಕೂ ಹಿಂದೆಯೇ ಚಿತ್ತಮ್ಮ ತನ್ನ ಹಕ್ಕು ಬಿಟ್ಟುಕೊಟ್ಟಿದ್ದಾರೆ ಎಂದು ಅದರಲ್ಲಿತ್ತು. ಕೆಳಗೆ ಹೆಬ್ಬೆಟ್ಟಿನ ಗುರುತು. ಆಗ ನೋಂದಣಿಯಲ್ಲಿ ಫೋಟೊ ತೆಗೆಯುವ ಪದ್ಧತಿ ಇರಲಿಲ್ಲ. ಮಸಿ ಹರಡಿಕೊಂಡು ಹೆಬ್ಬೆಟ್ಟಿನ ರೇಖೆಗಳೂ ಕಾಣುತ್ತಿರಲಿಲ್ಲ.

"ನಂಗೆ ಸೈನ್ ಮಾಡಕ್ಕೆ ಬತ್ತದೆ ಸಾಮಿ, ನಾನ್ಯಾಕೆ ಹೆಬ್ಬೆಟ್ಟು ಒತ್ಲಿ? ಯಾರನ್ನೋ ಕರ್ಕೊಂಡೋಗಿ ಒತ್ತಿಸವ್ನೆ" ಅಂದರು. ವಯಸ್ಕರ ಶಿಕ್ಷಣದ ತರಗತಿಗೆ ಹೋಗಿ ಅಕ್ಷರ ಕಲಿತವರು, ಊರಿನ ಮಹಿಳಾ ಸಂಘಕ್ಕೆ ಮೊದಲಿನಿಂದಲೂ ಅಧ್ಯಕ್ಷೆ. ನಾನು ಪಾಲಿನ ದಾವೆ ಹಾಕಿದೆ.

ಅವರ ಸಾಕ್ಷಿಯ ದಿನ ಬಂತು. ಕೋರ್ಟಿನ ಜಗುಲಿಯ ಮೇಲೆ ನನಗಾಗಿ ಕಾದಿದ್ದರು. ಚೀಲದಿಂದ ಒಂದು ಪುಸ್ತಕ ತೆಗೆದರು. ಸಂಘದ ಸಭೆಯ ಹಳೆಯ ಪುಸ್ತಕ. ಆ ಪತ್ರ ಆದ ತಿಂಗಳಿನ ಸಭೆಯೂ ಅದರಲ್ಲಿತ್ತು. ಕೆಳಗೆ ದುಂಡಗೆ, ಒತ್ತಿ ಒತ್ತಿ ಬರೆದ ಸಹಿ: ಚಿತ್ತಮ್ಮ.

"ಇದನ್ನ ಜಡ್ಜಿಗೆ ತೋರ್ಸಿ ಸಾಮಿ."

ನನಗೆ ಮಧ್ಯಾಹ್ನ ಪಾವಗಡದಲ್ಲಿ ಇನ್ನೊಂದು ಕೇಸಿತ್ತು. ಪುಸ್ತಕವನ್ನು ದಾಖಲೆ ಮಾಡಿಸಬೇಕೆಂದರೆ ಅರ್ಜಿ ಹಾಕಬೇಕು, ಎದುರಿನವರು ತಕರಾರು ತೆಗೆಯುತ್ತಾರೆ, ದಿನವೆಲ್ಲ ಅಲ್ಲೇ ಕಳೆಯುತ್ತದೆ. "ಅದೆಲ್ಲ ಈಗ ಬೇಡ ಕಣಮ್ಮ, ಬೇಕಾದಾಗ ಕೇಳ್ತೀನಿ. ಒಳಗಿಟ್ಕೋ" ಅಂದೆ. ಅವರು ಪುಸ್ತಕವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ಮುಖ್ಯ ವಿಚಾರಣೆ ಮುಗಿಯುತ್ತಲೇ ಎದುರು ವಕೀಲರ ಪಾಟೀಸವಾಲಿಗೆ ನನ್ನ ಕಿರಿಯ ವಕೀಲನನ್ನು ಕೂರಿಸಿ ನಾನು ಪಾವಗಡದ ಬಸ್ಸು ಹತ್ತಿದೆ.

ಆ ಪುಸ್ತಕವನ್ನು ನಾನು ಮತ್ತೆ ಕೇಳಲೇ ಇಲ್ಲ. ಒಂದೂವರೆ ವರ್ಷದ ಮೇಲೆ ತೀರ್ಪು ಬಂತು. ಸಹಿ ಬರುತ್ತದೆಂದು ವಾದಿ ಹೇಳುತ್ತಾರೆ, ಆದರೆ ಆ ಕಾಲದ ಒಂದು ದಾಖಲೆಯನ್ನೂ ಹಾಜರುಪಡಿಸಿಲ್ಲ, ಸಹಿಯನ್ನು ಆಮೇಲೆ ಕಲಿತಿರಲೂಬಹುದು. ದಾವೆ ವಜಾ.

"ಮೇಲಿನ ಕೋರ್ಟಿದೆ ಬುಡಮ್ಮ, ಅಲ್ಲಿ ಗೆಲ್ಲೋಣ" ಅಂದೆ. ಸೋತ ಕಕ್ಷಿದಾರರಿಗೆಲ್ಲ ಅದನ್ನೇ ಹೇಳಿ ನನಗೆ ಅಭ್ಯಾಸವಾಗಿತ್ತು. ಮೇಲ್ಮನವಿ ಎಂದರೆ ಹೊಸದಾಗಿ ಆಡುವ ಆಟವಲ್ಲ, ಕೆಳಗಿನ ಕೋರ್ಟಿನ ಕಡತದಲ್ಲಿ ಏನು ಸೇರಿದೆಯೋ ಅದರ ಮೇಲೆಯೇ ನಿಲ್ಲಬೇಕು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿರುವುದಕ್ಕೂ ಮಾಡುವುದಕ್ಕೂ ನನ್ನಲ್ಲಿ ಸಂಬಂಧವಿರಲಿಲ್ಲ.

ಮೇಲ್ಮನವಿಯಲ್ಲಿ ಹೊಸ ದಾಖಲೆ ಸೇರಿಸಲು ದಾರಿಯಿದೆ. ಆದರೆ ಕಿರಿದಾದ ದಾರಿ. ಎಷ್ಟು ಪ್ರಯತ್ನಪಟ್ಟರೂ ಅದು ಮೊದಲು ಸಿಕ್ಕಿರಲಿಲ್ಲ ಎಂಬಂಥ ಬಲವಾದ ಕಾರಣ ಕೊಡಬೇಕು. ನಿಜವಾದ ಕಾರಣ ಒಂದೇ: ಆಕೆ ತಂದಿದ್ದರು, ನಾನು ಬೇಡ ಅಂದಿದ್ದೆ. ಅದನ್ನು ಹೇಳಬೇಕಾದರೆ ನನ್ನ ಹೆಸರಿನಲ್ಲೇ ಪ್ರಮಾಣಪತ್ರ ಹಾಕಬೇಕಿತ್ತು. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಆಮೇಲೆ ಚಿತ್ತಮ್ಮನ ಹೆಸರಿನ ಇಂಗ್ಲಿಷ್ ಪ್ರಮಾಣಪತ್ರದಲ್ಲಿ ಹೀಗೆ ಬರೆದೆ: "ಈ ಪುಸ್ತಕವು ವಿಚಾರಣೆಯ ಕಾಲದಲ್ಲಿ ನನಗೆ ದೊರೆತಿರಲಿಲ್ಲ. ಇತ್ತೀಚೆಗೆ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದೆ."

ಸಹಿ ಹಾಕುವ ಮುಂಚೆ ಅವರು ಕೇಳಿದರು. "ಏನಂತ ಬರ್ದಿದೀರಾ ಸಾಮಿ?"

"ಪುಸ್ತಕ ತಗೊಳ್ಳಿ ಅಂತ ಕೇಳ್ಕೊಂಡಿದೀವಿ ಕಣಮ್ಮ, ಅಷ್ಟೆ."

ಒಂದೊಂದೇ ಅಕ್ಷರ ಕೂಡಿಸಿಕೊಂಡು ಸಹಿ ಹಾಕಿದರು.

ವಾದದ ದಿನ ಎದುರು ವಕೀಲರು ಎದ್ದು ನಿಂತು ಕೆಳಗಿನ ಕೋರ್ಟಿನ ಕಡತ ತೆರೆದರು. ಚಿತ್ತಮ್ಮನ ಪಾಟೀಸವಾಲಿನ ಪುಟ. ಸಹಿ ಬರುವುದಕ್ಕೆ ದಾಖಲೆ ಏನಿದೆ ಎಂದು ಅಂದು ಅವರು ಕೇಳಿದ್ದರಂತೆ. ಚಿತ್ತಮ್ಮ ಹೇಳಿದ ಉತ್ತರ ಅಲ್ಲಿ ಅಚ್ಚಾಗಿತ್ತು: "ಸಂಘದ ಪುಸ್ತಕದಲ್ಲಿ ನನ್ನ ಸಹಿ ಇದೆ. ಪುಸ್ತಕ ಈಗ ನನ್ನ ಚೀಲದಲ್ಲೇ ಇದೆ."

ನಾನು ಆ ಪುಟವನ್ನು ಓದಿರಲಿಲ್ಲ. ಮೇಲ್ಮನವಿ ಬರೆಯುವಾಗ ತೀರ್ಪು ಮಾತ್ರ ಓದಿದ್ದೆ. ಸಾಕ್ಷಿ ಹೇಳಿಕೆಗಳು ನನ್ನ ಮೇಜಿನ ಮೇಲೇ ಇದ್ದವು.

ನ್ಯಾಯಾಧೀಶರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಏನ್ರೀ ಇದು?" ಅಂದರು. ಹಿಂದಿನ ಬೆಂಚಿನಲ್ಲಿ ಚಿತ್ತಮ್ಮ ಕೂತಿದ್ದರು. ಆಗಲಾದರೂ ತಪ್ಪು ನನ್ನದು ಸ್ವಾಮಿ ಅನ್ನಬಹುದಿತ್ತು. "ಕಕ್ಷಿದಾರರು ಹೇಳಿದಂತೆ ಬರೆದಿದ್ದೇನೆ ಸ್ವಾಮಿ" ಅಂದುಬಿಟ್ಟೆ.

ಪುಸ್ತಕವನ್ನು ಸೇರಿಸಲಿಲ್ಲ. ಮೇಲ್ಮನವಿಯೂ ವಜಾ ಆಯಿತು. ಆದೇಶದ ಪ್ರತಿ ಹಿಡಿದು ಚಿತ್ತಮ್ಮ ನನ್ನ ಕಚೇರಿಗೆ ಬಂದರು. ಅದು ಇಂಗ್ಲಿಷಿನಲ್ಲಿತ್ತು. "ಕನ್ನಡದಾಗೆ ಏಳಿ ಸಾಮಿ" ಅಂದರು. ಮೇಲ್ಮನವಿದಾರಳು ಶುದ್ಧಹಸ್ತಳಾಗಿ ನ್ಯಾಯಾಲಯಕ್ಕೆ ಬಂದಿಲ್ಲ, ಆಕೆಯ ಪ್ರಮಾಣಪತ್ರ ಆಕೆಯ ಸಾಕ್ಷ್ಯದಿಂದಲೇ ಸುಳ್ಳೆಂದು ಕಾಣುತ್ತದೆ ಎಂಬ ಸಾಲನ್ನು ನುಂಗುತ್ತಾ ನುಂಗುತ್ತಾ ಹೇಳಿದೆ.

"ನಾನು ಸುಳ್ಳು ಏಳ್ದೆ ಅಂತ ಬರ್ದವ್ರಾ?"

"ಹೂಂ."

"ಆವತ್ತು ಜಗ್ಲಿ ಮ್ಯಾಲೆ ಪುಸ್ತಕ ಕೊಡಕ್ಕೆ ಬಂದಿದ್ನಲ್ಲ ಸಾಮಿ. ನೀವು ತಾನೇ ಒಳಗಿಟ್ಕೋ ಅಂದಿದ್ದು?"

ಕೂಗಲಿಲ್ಲ, ಬೈಯಲಿಲ್ಲ. ನನಗೆ ಏನೋ ಮರೆತುಹೋಗಿದೆ, ನೆನಪು ಮಾಡಿಕೊಡಬೇಕು ಅನ್ನುವಂತೆ ಕೇಳಿದರು. ನಾನು ತಲೆ ತಗ್ಗಿಸಿ ಕಾಗದ ಮಡಚಿದೆ.

ಅವರನ್ನು ಬೆಂಗಳೂರಿನ ಹೈಕೋರ್ಟ್ ವಕೀಲರೊಬ್ಬರ ಹತ್ತಿರ ಕಳಿಸಿದೆ. ಅವರು ಕಡತ ಪೂರ್ತಿ ಓದಿ ನನಗೆ ಫೋನ್ ಮಾಡಿದರು. "ಇರೋದು ಒಂದೇ ದಾರಿ. ಆಕೆ ಪುಸ್ತಕ ತಂದಿದ್ದರು, ನೀವು ಹಾಜರು ಮಾಡಲಿಲ್ಲ, ಪೆಟ್ಟಿಗೆಯ ಕತೆ ನೀವೇ ಬರೆದದ್ದು ಅಂತ ಅಫಿಡವಿಟ್ ಕೊಡಿ. ಗೆಲ್ತೀವಿ ಅಂತ ಹೇಳಲ್ಲ, ಆದರೆ ಕೇಳೋಕೆ ಒಂದು ಕಾರಣ ಸಿಗುತ್ತೆ." ಎರಡು ದಿನ ಕೊಡಿ ಅಂದೆ. ವಕೀಲಿಕೆಯ ಸನದಿಗೇ ಕುತ್ತು ತರುವಂಥ ದೂರು ಬಂದರೆ? ಜೊತೆಯ ವಕೀಲರು ನಕ್ಕರೆ? ಎರಡು ದಿನ ಎರಡು ವಾರವಾಯಿತು. ಆಮೇಲೆ ಅವರ ಫೋನನ್ನೇ ತೆಗೆಯಲಿಲ್ಲ. ಎರಡನೇ ಮೇಲ್ಮನವಿ ಮೊದಲ ದಿನವೇ ಬಿದ್ದುಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಅಣ್ಣ ಆ ಆದೇಶದ ಸಾಲನ್ನು ಕನ್ನಡಕ್ಕೆ ಮಾಡಿಸಿ ಊರಲ್ಲಿ ಓದಿಸಿದನಂತೆ. ಕೋರ್ಟೇ ಸುಳ್ಳಿ ಅಂದಮೇಲೆ ಇನ್ನೇನು ಎಂದು ಸಂಘದವರು ಅವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿದರಂತೆ. ಇದನ್ನು ಹೇಳಿದವರು ಅದೇ ಊರಿನ ಇನ್ನೊಬ್ಬ ಕಕ್ಷಿದಾರರು, ನಗುತ್ತಾ ಹೇಳಿದರು. "ಸುಳ್ಳು ಕೇಸು ತಂದು ನಿಮ್ಗೂ ಕೆಟ್ಟ ಹೆಸ್ರು ತಂದ್ಬುಟ್ಲು ಸಾರ್" ಅಂದರು. ಸುಳ್ಳು ಅವರದಲ್ಲ, ನನ್ನದು ಎಂದು ನಾನು ಆಗಲೂ ಹೇಳಲಿಲ್ಲ.

ಈಗ ಕಿರಿಯರಿಗೆ ಬುದ್ಧಿ ಹೇಳುತ್ತೇನೆ. ಸಾಕ್ಷಿ ಹೇಳಿಸುವ ದಿನವೇ ಮೇಲ್ಮನವಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಕಕ್ಷಿದಾರರು ತಂದದ್ದನ್ನು ಕಡತಕ್ಕೆ ಸೇರಿಸಿ, ಜಡ್ಜು ಬೇಡವೆಂದರೆ ಆ ಮಾತನ್ನೂ ಬರೆಸಿ, ಮೇಲಿನ ಕೋರ್ಟಿಗೆ ಹೋಗುವ ಮುನ್ನ ಪ್ರತಿ ಪುಟ ಓದಿ ಎನ್ನುತ್ತೇನೆ. ತಪ್ಪಾಗಿದ್ದರೆ ನಿಮ್ಮ ಹೆಸರಿನಲ್ಲೇ ಒಪ್ಪಿಕೊಳ್ಳಿ ಎಂಬ ಮಾತು ಮಾತ್ರ ಬಾಯಿಂದ ಹೊರಡುವುದಿಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆದದ್ದು ಇದೇ ಮೊದಲು. ಇದರಿಂದ ಚಿತ್ತಮ್ಮನಿಗೆ ಒಂದು ಗೇಣು ಮಣ್ಣೂ ಬರುವುದಿಲ್ಲ, ಕಳೆದುಹೋದ ಮರ್ಯಾದೆಯೂ ಬರುವುದಿಲ್ಲ. ಅವರ ಹೆಸರು ಬದಲಿಸಿದ್ದೇನೆ ಎಂದೆನಲ್ಲ, ಅದು ಅವರಿಗಾಗಿ ಅಲ್ಲ. ಅವರು ಯಾರೆಂದು ತಿಳಿದರೆ ನಾನು ಯಾರೆಂದೂ ತಿಳಿಯುತ್ತದೆ. ಈ ಬರಹದ ಕೆಳಗೆ ನನ್ನ ಹೆಸರು ಹಾಕಬೇಡಿ ಎಂದು ಸಂಪಾದಕರಿಗೆ ಬೇರೆ ಚೀಟಿ ಬರೆದಿಟ್ಟಿದ್ದೇನೆ.