ಚೇಳೂರು ರಸ್ತೆಯಲ್ಲಿ ಸುರಂಗದ ಗಡಿಯಾರ

ನಮ್ಮ ಕಾಲೇಜಿನ ಲ್ಯಾಬಿನಲ್ಲಿ, ಮೂಲೆ ಮೇಜಿನ ಕೆಳಗೆ, ಒಂದು ದುಂಡು ಯಂತ್ರ ವರ್ಷಗಟ್ಟಲೆ ಬಿದ್ದಿತ್ತು. ಊಟದ ಗಂಗಳಕ್ಕಿಂತ ದೊಡ್ಡದು. ಗಾಜಿನ ಮುಖ, ಹಿತ್ತಾಳೆಯ ಅಂಚು. ಒಳಗೆ ಗಡಿಯಾರದ ಮುಳ್ಳುಗಳಿಲ್ಲ. ಅವುಗಳ ಬದಲು ಒಂದು ದುಂಡು ಕಾಗದ, ಅದರ ಅಂಚಿನಲ್ಲಿ ಇಪ್ಪತ್ನಾಲ್ಕು ಗಂಟೆಗಳ ಅಂಕಿ, ಪಕ್ಕದಲ್ಲಿ ಪುಟ್ಟದೊಂದು ಪೆನ್ನಿನ ಮೂತಿ. ಅದರ ಮೇಲೆ 'ತಾಪಮಾನ ದಾಖಲಿಸುವ ಯಂತ್ರ' ಎಂದು ಚೀಟಿ ಅಂಟಿಸಿದವಳು ನಾನೇ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು, ಓದಿದ ಕಾಲೇಜಿನಲ್ಲೇ ಮೇಡಂ ಆದವಳು ಅಂಟಿಸಿದ ಚೀಟಿ. ಯಾರೂ ಪ್ರಶ್ನೆ ಮಾಡಲಿಲ್ಲ.

ಪಿಯುಸಿ ಮಕ್ಕಳಿಗೆ ನಮ್ಮ ಲ್ಯಾಬುಗಳನ್ನು ತೋರಿಸುವ ಪ್ರದರ್ಶನವೊಂದನ್ನು ಇಡೋಣ ಎಂದು ಪ್ರಿನ್ಸಿಪಾಲರು ಹೇಳಿದಾಗ ಮೇಜಿನ ಕೆಳಗೆ ಗುಡಿಸಬೇಕಾಯಿತು. ಆಗ ಯಂತ್ರದ ಹಿಂದೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಅದರಲ್ಲಿ ದುಂಡು ಕಾಗದಗಳ ಕಟ್ಟು, ಜೊತೆಗೆ ಟೈಪ್ ಮಾಡಿದ ಒಂದು ಹಾಳೆ. ನಿಂತಲ್ಲೇ ಓದಿದೆ. ಅದು ಹೊರದೇಶದ ನೆಲದಡಿಯ ರೈಲಿನದು. ಅಲ್ಲಿ ಕೆಲಸ ಮಾಡಿ ಬಂದಿದ್ದ ನಮ್ಮೂರಿನ ಒಬ್ಬರು ತೀರಿಕೊಂಡ ಮೇಲೆ, ಅವರ ಪುಸ್ತಕಗಳ ಜೊತೆ ಮಕ್ಕಳು ಇದನ್ನೂ ಕಾಲೇಜಿಗೆ ಕೊಟ್ಟಿದ್ದರು. ಸುರಂಗದ ಒಂದು ಜಾಗವನ್ನು ರೈಲು ದಾಟಿದೊಡನೆ ತಂತಿಯಲ್ಲಿ ಕರೆಂಟು ಬಂದು ಪೆನ್ನು ಕಾಗದಕ್ಕೆ ಒಂದು ಗೆರೆ ಕುಟ್ಟುತ್ತದೆ. ಕಾಗದ ದಿನಕ್ಕೆ ಒಂದು ಸುತ್ತು ತಿರುಗುತ್ತದೆ. ಎರಡು ಗೆರೆಗಳ ನಡುವಿನ ಜಾಗವೇ ಎರಡು ರೈಲುಗಳ ನಡುವಿನ ಅಂತರ. ಮೇಲೆ ಆಫೀಸಿನಲ್ಲಿ ಕುಳಿತವನು ಸುರಂಗಕ್ಕೆ ಇಳಿಯದೆ, ರೈಲುಗಳು ಸರಿಯಾಗಿ ಓಡುತ್ತಿವೆಯೋ ಇಲ್ಲವೋ ಎಂದು ಈ ಕಾಗದ ನೋಡಿ ಹೇಳುತ್ತಿದ್ದನಂತೆ.

ನಾನು ಆ ತಾಪಮಾನದ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ. ನಗು ಬಂತು. ಇಷ್ಟು ದಿನ ನನ್ನ ಮೇಜಿನ ಕೆಳಗೆ ಬಿದ್ದಿದ್ದದ್ದು ನಮ್ಮಪ್ಪನ ಕೆಲಸ.

ನಮ್ಮಪ್ಪ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದ. ಸರ್ಕಾರಿ ಕೆಲಸವಲ್ಲ, ಖಾಸಗಿ ಬಸ್ಸಿನ ಮಾಲೀಕರೆಲ್ಲ ಸೇರಿ ಇಟ್ಟುಕೊಂಡಿದ್ದ ಕೆಲಸ. ಚೇಳೂರಿನಿಂದ ಬಸ್ಸು ಬಂದರೆ ಬಂದ ನಿಮಿಷ ಬರೆಯಬೇಕು, ಹೊರಡುವ ನಿಮಿಷಕ್ಕೆ ಸೀಟಿ ಊದಬೇಕು. ಒಂದು ಬಸ್ಸು ಮೂರು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನ ಜನ ಇದಕ್ಕೆ ಹತ್ತುತ್ತಾರೆ, ಅಲ್ಲಿಗೆ ಕಂಡಕ್ಟರುಗಳ ಜಗಳ ಶುರು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ಮನುಷ್ಯ, ಕೊರಳಿಗೆ ಸೀಟಿ, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಆ ರಸ್ತೆಯನ್ನೆಲ್ಲ ಆಳುತ್ತಿದ್ದ. ನಾನು ತುಮಕೂರಿನ ಕಾಲೇಜಿಗೆ ಓಡಾಡುತ್ತಿದ್ದಾಗ ಎಷ್ಟೋ ಸಲ ಮುದ್ದೆ ಬಾಯಲ್ಲಿಟ್ಟುಕೊಂಡು ಓಡಿ ಬಂದಿದ್ದೇನೆ. ನನ್ನನ್ನು ಕಣ್ಣಾರೆ ನೋಡುತ್ತಲೇ ಸೀಟಿ ಊದಿಬಿಡುತ್ತಿದ್ದ. ನಾನು ಓಡುವ ಬಸ್ಸಿನ ಏಣಿಗೆ ಜೋತುಬಿದ್ದು ಎಂಜಿನಿಯರ್ ಆದವಳು.

ಆದರೆ ಕಾಲೇಜಿನ ಗೇಟಿನ ಒಳಗೆ ಅವನು ಒಂದು ದಿನವೂ ಬರಲಿಲ್ಲ. ಅಡ್ಮಿಷನ್ ದಿನ ಗೇಟಿನ ಹೊರಗಿನ ಹೊಂಗೆಮರದ ಕೆಳಗೆ ನಿಂತಿದ್ದ. ಡಿಗ್ರಿ ಸರ್ಟಿಫಿಕೇಟು ಕೊಟ್ಟ ದಿನವೂ ಅಲ್ಲೇ. ನಾನು ಕಪ್ಪು ಗೌನು ಹಾಕಿಕೊಂಡು ಹೊರಗೆ ಓಡಿ ಬಂದು ಅದೇ ಮರದ ಕೆಳಗೆ ಅವನ ಜೊತೆ ಫೋಟೋ ತೆಗೆಸಿಕೊಂಡೆ. ಕೆಲಸಕ್ಕೆ ಸೇರಿದ ದಿನವಾದರೂ ಬಾ ಎಂದು ಜಗಳ ಮಾಡಿದ್ದಕ್ಕೆ, "ಒಳಗೆ ನಂಗೇನವ್ವ ಕೆಲ್ಸ? ನೀನು ಹೋಗು, ನಾನು ಇಲ್ಲೇ ಇರ್ತೀನಿ" ಎಂದ. ಅದೊಂದು ಮುಳ್ಳು ನನ್ನೊಳಗೆ ಇತ್ತು. ಆ ಯಂತ್ರವನ್ನು ಒರೆಸುತ್ತ ನಿಶ್ಚಯಿಸಿದೆ: ಈ ಪ್ರದರ್ಶನಕ್ಕೆ ಅಪ್ಪ ಒಳಗೆ ಬರಲೇಬೇಕು.

ಮೊದಲು ಯಂತ್ರ ಓಡಬೇಕಲ್ಲ. ಕುಣಿಗಲ್ಲಿನಲ್ಲಿ ಹಳೆಯ ಗೋಡೆ ಗಡಿಯಾರ ರಿಪೇರಿ ಮಾಡುವ ಸಾಹೇಬರೊಬ್ಬರು ಇದ್ದಾರೆಂದು ಯಾರೋ ಹೇಳಿದರು. ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ.

"ಏನ್ ಮೇಡಂ ಅದು, ಮದುವೆ ಮನೆ ತಪ್ಪಲೆನಾ?" ಎಂದ ಕಂಡಕ್ಟರು.

"ಸುರಂಗದ ರೈಲಿನ ಗಡಿಯಾರ."

"ಕುಣಿಗಲ್‌ಗೆ ಸುರಂಗ ಬಂದಿರೋದು ನಂಗೆ ಗೊತ್ತೇ ಇಲ್ಲ ನೋಡಿ" ಎಂದು ಟಿಕೆಟು ಹರಿದು ಕೊಟ್ಟ. ಹಿಂದಿನ ಸೀಟಿನವರೆಲ್ಲ ನಕ್ಕರು. ನಾನೂ ನಕ್ಕೆ.

ಸಾಹೇಬರ ಅಂಗಡಿ ಎರಡು ಮಂಚದಷ್ಟು ಅಗಲ. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಯಂತ್ರದ ಹಿಂಭಾಗ ಬಿಚ್ಚಿದರು. ಸ್ಪ್ರಿಂಗು ಮುರಿದಿತ್ತು, ಒಂದು ಚಕ್ರದ ಹಲ್ಲು ಹೋಗಿತ್ತು.

"ಹಲ್ಲು ಕಟ್ಟೋ ಡಾಕ್ಟ್ರು ಇದಕ್ಕೂ ನಾನೇ" ಎಂದರು. "ಆದ್ರೆ ಮೇಡಂ, ಮುಳ್ಳಿಲ್ಲದ ಗಡಿಯಾರ ಇದು. ಟೈಮ್ ಹೇಳಲ್ಲ ಅಂದ್ಮೇಲೆ ಯಾಕೆ ಬೇಕು?"

"ಟೈಮ್ ಹೇಳಲ್ಲ ಚಾಚಾ, ಲೇಟು ಹೇಳುತ್ತೆ."

ಅವರು ಭೂತಗಾಜು ತೆಗೆದು ನನ್ನನ್ನು ನೋಡಿದರು. "ಹಂಗಿದ್ರೆ ಇದನ್ನ ನಮ್ಮನೆಯೋರಿಗೆ ತೋರಿಸ್ಬೇಡಿ" ಎಂದರು.

ಹತ್ತು ದಿನಕ್ಕೆ ಯಂತ್ರ ಟಿಕ್ ಟಿಕ್ ಎನ್ನುತ್ತ ನನ್ನ ಕೈಗೆ ಬಂತು. ಹಿಂಭಾಗದ ಎರಡು ತಂತಿಗಳಿಗೆ ಬ್ಯಾಟರಿ ಮತ್ತು ಮನೆ ಬಾಗಿಲ ಬೆಲ್ಲಿನ ಸ್ವಿಚ್ಚು ಸೇರಿಸಿದೆ. ಒತ್ತಿದರೆ ಪೆನ್ನು ಟಕ್ ಎಂದು ಗೆರೆ ಹಾಕುತ್ತಿತ್ತು. ಅದನ್ನು ಎತ್ತಿಕೊಂಡು ತುಮಕೂರಿನ ಸದಾಶಿವನಗರದ ನನ್ನ ಮನೆಗೂ ಹೋಗದೆ ನೇರ ಗುಬ್ಬಿಗೆ ಹೋದೆ. ಚೇಳೂರು ರಸ್ತೆಯಲ್ಲೇ ಅಣ್ಣನ ಮನೆ. ಅಪ್ಪ ಅವ್ವ ಅಲ್ಲೇ ಇರುವುದು.

ಜಗಲಿಯ ಮೇಲೆ ಡಬ್ಬಿ ಬಿಚ್ಚಿ, ಗೆರೆ ಬಿದ್ದಿದ್ದ ಒಂದು ಹಳೆಯ ಕಾಗದವನ್ನು ಅಪ್ಪನ ಕೈಗೆ ಕೊಟ್ಟೆ. ಏನೂ ಹೇಳಲಿಲ್ಲ. ಇಂಗ್ಲಿಷ್ ಅಕ್ಷರ ಅವನಿಗೆ ಬರುವುದಿಲ್ಲ, ಅಂಕಿ ಬರುತ್ತದೆ. ರೊಟ್ಟಿ ತಿರುವಿದಂತೆ ಎರಡು ಸಲ ತಿರುವಿ ನೋಡಿದ.

"ಗಾಡಿ ಟೈಮಲ್ವಾ ಇದು" ಎಂದ.

ನಾನು ಹತ್ತಿರ ಸರಿದು ಕುಳಿತೆ. "ಹೆಂಗೆ ಗೊತ್ತಾಯ್ತು?"

"ಗೊತ್ತಾಗ್ದೆ ಏನು? ಇಲ್ಲಿ ಖಾಲಿ ಐತೆ, ರಾತ್ರಿ ಗಾಡಿ ಇಲ್ಲ. ಬೆಳಗ್ಗೆ ಒತ್ತೊತ್ತಾಗಿ ಅವೆ, ಆಫೀಸಿಗೆ ಹೋಗೋರು. ಇಲ್ಲಿ ನೋಡು." ಅವನ ಬೆರಳು ಒಂದು ಅಗಲವಾದ ಖಾಲಿ ಜಾಗದ ಮೇಲೆ ನಿಂತಿತು. "ಇಲ್ಲೊಂದು ಗಾಡಿ ಕೆಟ್ಟು ನಿಂತದೆ. ಪಾಪ, ಹಿಂದಿನವೆಲ್ಲ ಸಿಕ್ಕಾಕಂಡವೆ. ಆಮೇಲೆ ಮೂರೂ ಒಟ್ಗೆ ಬಂದವೆ. ಮುಂದಿನದ್ರಲ್ಲಿ ಕಾಲಿಡಕ್ಕೆ ಜಾಗ ಇರಲ್ಲ, ಹಿಂದಿನದು ಖಾಲಿ ಹೊಡ್ಕಂಡು ಹೋಗುತ್ತೆ." ಬೆರಳು ಮುಂದಕ್ಕೆ ಜರುಗಿತು. "ಇಲ್ಲಿಂದ ಯಾರೋ ಪುಣ್ಯಾತ್ಮ ಕೂತ್ಕಂಡು ಒಂದೊಂದನ್ನೇ ಹಿಡಿದು ಹಿಡಿದು ಬುಟ್ಟವ್ನೆ. ನೋಡು, ಮತ್ತೆ ಸರಿಹೋಯ್ತು. ಒಳ್ಳೆ ಟೈಮ್ ಕೀಪರ್ರು."

ಕಾಣದ ದೇಶದ, ಕಾಣದ ಸುರಂಗದ, ಯಾವುದೋ ಒಂದು ದಿನ. ಅದನ್ನು ನಮ್ಮಪ್ಪ ಗುಬ್ಬಿಯ ಜಗಲಿಯಲ್ಲಿ ಕುಳಿತು ಓದಿಬಿಟ್ಟ. ನಾನು ಲ್ಯಾಬಿನಲ್ಲಿ ಅದಕ್ಕೆ ಜ್ವರ ನೋಡುವ ಯಂತ್ರದ ಹೆಸರಿಟ್ಟಿದ್ದೆ.

"ಅಪ್ಪ, ಇದನ್ನೇ ಬಂದು ನಮ್ಮ ಮಕ್ಕಳಿಗೆ ಹೇಳು. ಶನಿವಾರ."

ಕಾಗದವನ್ನು ಡಬ್ಬಿಗೆ ಇಟ್ಟುಬಿಟ್ಟ. "ನೀನೇ ಹೇಳು. ಓದಿರೋಳು ನೀನು. ಒಳಗೆ ನಂಗೇನ್ ಕೆಲ್ಸ?"

ಒಳಗಿನಿಂದ ಅವ್ವ, "ಗಂಟೆಗಟ್ಲೆ ನಮ್ಮುಂದೆ ಬಸ್ಸಿನ ಪುರಾಣ ಬಿಚ್ಕಂಡು ಕೂರ್ತೀಯ, ಕೇಳೋರು ಸಿಕ್ಕಿದ್ರೆ ಬಾಯಿಗೆ ಬೀಗ" ಎಂದಳು. ಅಪ್ಪ ಡಬ್ಬಿಯ ಮುಚ್ಚಳ ಒತ್ತಿ ಹಾಕಿದ. ನಾನೂ ಅಲ್ಲಿಗೆ ಬಿಟ್ಟೆ. ಅದರ ಬದಲು ಒಂದು ಕೆಲಸ ಒಪ್ಪಿಸಿದೆ. ನಾಳೆ ಬೆಳಗಿನಿಂದ ಮಧ್ಯಾಹ್ನದವರೆಗೆ ಜಗಲಿಯಲ್ಲಿ ಕುಳಿತು, ಚೇಳೂರಿನ ಕಡೆಯಿಂದ ಬಂದ ಪ್ರತಿ ಬಸ್ಸಿಗೂ ಒಂದು ಸಲ ಸ್ವಿಚ್ಚು ಒತ್ತಬೇಕು. ಅವನು ಬರದಿದ್ದರೂ ಅವನು ಮಾಡಿದ ಕಾಗದವನ್ನಾದರೂ ಪ್ರದರ್ಶನದಲ್ಲಿ ಇಡಬಹುದು ಎಂಬುದು ನನ್ನ ಲೆಕ್ಕ.

ಮರುದಿನ ಸಂಜೆ ಕಾಲೇಜು ಮುಗಿಸಿ ಗುಬ್ಬಿಗೆ ಬಂದು ಕಾಗದ ತೆಗೆದು ನೋಡಿದೆ. ಎಷ್ಟು ಚಂದ ಇತ್ತು ಅಂದರೆ, ಕಾಲು ಗಂಟೆಗೆ ಒಂದು ಗೆರೆ, ಒಂದಿಷ್ಟೂ ಆಚೀಚೆ ಇಲ್ಲ. ಸ್ಕೇಲು ಇಟ್ಟು ಎಳೆದ ಹಾಗೆ. ಸಂತೋಷದಿಂದ ಫೋಟೋ ತೆಗೆದು ಕುಣಿಗಲ್ಲಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಸಾಹೇಬರ ಫೋನು ಬಂತು.

"ಮೇಡಂ, ಇಷ್ಟು ನೀಟಾಗಿ ಗಡಿಯಾರ ಓಡುತ್ತೆ, ಬಸ್ ಓಡಲ್ಲ. ನಾನು ಹಾಕಿದ ಹಲ್ಲು ಎಲ್ಲೋ ತಾಗಿ, ಕಾಲು ಗಂಟೆಗೊಂದ್ಸಲ ಪೆನ್ನನ್ನ ಅದೇ ಕುಟ್ತಾ ಇದೆ. ವಾಪಸ್ ತನ್ನಿ. ನನ್ನ ಮರ್ಯಾದೆ ಪ್ರಶ್ನೆ."

ಪ್ರದರ್ಶನಕ್ಕೆ ಉಳಿದಿದ್ದದ್ದು ಮೂರೇ ದಿನ. ನಾನು ಪೆಚ್ಚಾಗಿ ಮತ್ತೆ ಟವೆಲ್ಲು ಹಾಸಿ ಯಂತ್ರ ಸುತ್ತತೊಡಗಿದೆ. ಅಪ್ಪ ಬೀಡಿ ಹಚ್ಚದೆ ಬೆರಳಲ್ಲೇ ಹೊರಳಿಸುತ್ತ ಸ್ವಲ್ಪ ಹೊತ್ತು ನೋಡಿದ.

"ಎಲ್ಲಿಗೆ ತಗಂಡೋಗ್ತೀಯ?"

"ಕುಣಿಗಲ್‌ಗೆ. ಕೆಟ್ಟಿದೆ."

"ಅದಕ್ಕೇನೂ ಆಗಿಲ್ಲ."

"ಮತ್ತೆ ಈ ಗೆರೆ?"

"ಅದು ನಾನು ಟೈಮಿಂಗಿಗೆ ಹಾಕ್ದೆ." ನನ್ನ ಮುಖ ನೋಡದೆ ಹೇಳಿದ. "ಎರಡ್ನೇ ಬಸ್ಸು ಹತ್ತು ನಿಮಿಷ ಲೇಟು. ಹತ್ತಿಸ್ಕೊಳ್ಳೋಕೆ ಯಾರೋ ಬಾಣಂತಿ ಇದ್ಲಂತೆ, ದಾರೀಲೇ ಕಂಡಕ್ಟ್ರು ಫೋನ್ ಮಾಡಿದ್ದ. ಬರೆದ್ರೆ ಫೈನ್ ಹಾಕ್ತಾರೆ. ಅದಕ್ಕೆ ಅದ್ರ ಟೈಮಿಗೆ ಸರಿಯಾಗಿ ಒತ್ದೆ. ಆಮೇಲೆ ಒಂದು ಬಸ್ಸು ಬರ್ಲೇ ಇಲ್ಲ. ಅದನ್ನೂ ಒತ್ದೆ."

"ಬರದೇ ಇರೋ ಬಸ್ಸಿಗೆ ಒತ್ತಿದ್ಯಾ?"

"ಡ್ರೈವರ್ ಒಳ್ಳೇನು."

ನನಗೆ ಆಗ ಹೊಳೆಯಿತು. ಅವನ ಅಷ್ಟು ವರ್ಷದ ಬರಹದಲ್ಲೂ ಹೀಗೇ ಇತ್ತು. ಕಾರಣ ಕೇಳುತ್ತಿದ್ದ, ಕಾರಣ ಸರಿಯಿದ್ದರೆ ತಡವಾದ ಬಸ್ಸನ್ನು ಪುಸ್ತಕದಲ್ಲಿ ಸಮಯಕ್ಕೆ ತಂದು ನಿಲ್ಲಿಸುತ್ತಿದ್ದ. ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಅದು ಗೊತ್ತು, ಮಾಲೀಕರಿಗೂ ಗೊತ್ತು. ನಾನು ನೆಲಕ್ಕೆ ಕುಳಿತು ನಕ್ಕೆ. ಅವ್ವ ಹೊರಗೆ ಬಂದು ನಕ್ಕಳು. "ಡ್ರೈವರ್‌ಗೆಲ್ಲ ಹತ್ತು ನಿಮಿಷ ಕೊಡ್ತಿದ್ದೆ, ಹೆತ್ತ ಮಗಳಿಗೆ ಒಂದು ನಿಮಿಷ ಕೊಡ್ಲಿಲ್ಲವಲ್ಲಪ್ಪ" ಎಂದೆ.

"ನಿಂಗೆ ಕೊಟ್ಟಿದ್ರೆ ನೀನು ನಾಳೆ ಎರಡು ಕೇಳ್ತಿದ್ದೆ" ಎಂದು ಅಪ್ಪನೂ ನಕ್ಕ.

"ಸರಿ ಬಿಡು. ಇದನ್ನೇ ಇಡ್ತೀನಿ. ನೋಡೋ ಮಕ್ಕಳಿಗೆ ಏನ್ ಗೊತ್ತಾಗುತ್ತೆ?"

ಅಪ್ಪನ ನಗು ನಿಂತಿತು. ಕಾಗದ ತೆಗೆದುಕೊಂಡು ಬೆಳಕಿಗೆ ಹಿಡಿದ.

"ಇದು ಬ್ಯಾಡ ಮಗ. ಬಸ್ ಸ್ಟ್ಯಾಂಡಿನ ಪುಸ್ತಕ ಬೇರೆ. ಅಲ್ಲಿ ಒಬ್ರಿಗೊಬ್ರು ಬೇಕು. ಇದು ಓದೋ ಮಕ್ಕಳು ನೋಡೋದು. ಸುಳ್ಳು ಗೆರೆ ಹಾಕಿದ್ದು ನಮ್ಮಪ್ಪ ಅಂತ ಹೇಳ್ತೀಯಾ ಅಲ್ಲಿ?" ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. "ನಿಮ್ಮ ಕಾಲೇಜ್ ಮುಂದೆ ಬಸ್ ಓಡಾಡ್ತವಲ್ಲ, ಕಿಟಕಿಯಿಂದ ಕಾಣ್ತವಾ?"

"ಕಾಣ್ತವೆ."

"ಹಂಗಿದ್ರೆ ನಾನೇ ಬಂದು ಒತ್ತೀನಿ. ಬಂದಿದ್ದು ಬಂದಂಗೆ."

ನಾನು ಉಸಿರು ಬಿಡಲಿಲ್ಲ. ಬಿಟ್ಟರೆ ಮನಸ್ಸು ಬದಲಾಯಿಸಿಯಾನು ಎಂಬ ಹೆದರಿಕೆ.

ಶನಿವಾರ ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರಟು, ಪಂಚೆ, ಕೊರಳಿಗೆ ಹಳೆಯ ಸೀಟಿ ಹಾಕಿಕೊಂಡು ಬಂದ. ಹೊಂಗೆಮರದ ಹತ್ತಿರ ಬಂದೊಡನೆ ಕಾಲು ತಾನಾಗಿ ನಿಂತಿತು. ಅಭ್ಯಾಸ. ನಾನೂ ನಿಂತೆ. ವಾಚ್‌ಮನ್ನು, "ಯಾರು ಬೇಕಿತ್ತು ಯಜಮಾನ್ರೇ?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಟೈಮ್ ಕೀಪರ್ರು. ಒಳಗೆ ಕೆಲ್ಸ ಐತೆ" ಎಂದು ಹೇಳಿ ಗೇಟು ದಾಟಿದ. ನನಗಿಂತ ಎರಡು ಹೆಜ್ಜೆ ಮುಂದೆ.

ಲ್ಯಾಬಿನ ಕಿಟಕಿ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತ. ಸಿಟಿ ಬಸ್ಸು ಹೋದ ಹಾಗೆಲ್ಲ ಟಕ್, ಟಕ್. ಪಿಯುಸಿ ಮಕ್ಕಳು ಮೊದಮೊದಲು ದೂರ ನಿಂತರು, ಆಮೇಲೆ ಕುರ್ಚಿಗೆ ಆತುಕೊಂಡರು. ಹಳೆಯ ಸುರಂಗದ ಕಾಗದವನ್ನು ಅವನು ಓದಿ ಹೇಳಿದ; ಕೆಟ್ಟು ನಿಂತ ಗಾಡಿ ಬಂದಾಗ ಎಲ್ಲರೂ ಅಯ್ಯೋ ಎಂದರು. ಇವತ್ತಿನ ಕಾಗದದಲ್ಲಿ ಒಂದು ಕಡೆ ಮೂರು ಬಸ್ಸು ಒಟ್ಟಿಗೆ, ಒಂದು ಕಡೆ ಅರ್ಧ ಗಂಟೆ ಬರಿದು. ಒಬ್ಬಳು ಹುಡುಗಿ, "ತಾತ, ನಮ್ಮ ಬಸ್ಸು ದಿನಾ ಲೇಟು, ಇದನ್ನ ತಗೊಂಡೋಗಿ ತೋರಿಸ್ಲಾ?" ಎಂದು ಕೇಳಿದಳು. "ಮೊದ್ಲು ಡ್ರೈವರ್‌ನ ಯಾಕೆ ಅಂತ ಕೇಳು, ಆಮೇಲೆ ತೋರ್ಸು" ಎಂದ ಅಪ್ಪ.

ಮಧ್ಯಾಹ್ನ ಪ್ರಿನ್ಸಿಪಾಲರೇ ಬಂದು, "ಬನ್ನಿ ಯಜಮಾನ್ರೇ, ನಮ್ಮ ಜೊತೆ ಊಟ ಮಾಡಿ" ಎಂದು ಕರೆದುಕೊಂಡು ಹೋದರು. ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿಯಲ್ಲೇ ಕುಳಿತು ಅನ್ನ ಸಾರು ಉಂಡ, ಎರಡು ಸಲ ಬಡಿಸಿಕೊಂಡ. ನಾನು ಎದುರಿಗೆ ನಿಂತು ನೋಡುತ್ತಿದ್ದೆ. ನನಗೆ ಊಟದ ನೆನಪೇ ಆಗಲಿಲ್ಲ.

ಸಂಜೆ ಕಾಗದ ಬಿಚ್ಚಿದಾಗ ಮಧ್ಯಾಹ್ನ ಒಂದರ ನಂತರ ಅಗಲವಾದ ಖಾಲಿ ಜಾಗ. ಅಷ್ಟು ಹೊತ್ತು ಬಸ್ಸುಗಳೇನೋ ಓಡಿದ್ದವು, ಒತ್ತುವವನಿರಲಿಲ್ಲ. ನಾನು ಅದನ್ನು ಹಾಗೇ ಚೌಕಟ್ಟಿಗೆ ಹಾಕಲು ಹೊರಟೆ.

"ತಡಿ" ಎಂದ ಅಪ್ಪ. "ನೋಡ್ದೋರು ಬಸ್ಸು ಬರ್ಲಿಲ್ಲ ಅಂದ್ಕೋತಾರೆ. ಡ್ರೈವರ್‌ಗಳದ್ದೇನು ತಪ್ಪು? ಕಾರಣ ಬರಿ."

ಕಿವಿಯಿಂದ ಪೆನ್ಸಿಲು ತೆಗೆದುಕೊಟ್ಟ. ಅವನು ಹೇಳಿದಂತೆ ಬರೆದೆ. ಈಗಲೂ ನಮ್ಮ ಲ್ಯಾಬಿನ ಗೋಡೆಯ ಮೇಲೆ, ಆ ಖಾಲಿ ಜಾಗದ ಕೆಳಗೆ, ನನ್ನ ಅಕ್ಷರದಲ್ಲಿ ಅದು ಇದೆ: ಟೈಮ್ ಕೀಪರ್ ಒಳಗೆ ಊಟಕ್ಕೆ ಕೂತಿದ್ದರು.