ಹೆದರದ ಮನ್ಮಥಪ್ಪ

ಔರಾದಿನ ಬಸ್‌ನಿಲ್ದಾಣದ ಎದುರು ಮೊಬೈಲ್ ರಿಪೇರಿ ಅಂಗಡಿಯಿಟ್ಟಿರುವ ಮನ್ಮಥಪ್ಪನಿಗೆ ದೆವ್ವದ ಸಿನೆಮಾ ನೋಡಲು ಪುರುಸೊತ್ತಿಲ್ಲ. ಟ್ರೇಲರ್ ಬಂದರೆ ಮಾತ್ರ ಬಿಡುವುದಿಲ್ಲ. ಗಿರಾಕಿಯ ಬಿಚ್ಚಿದ ಫೋನನ್ನು ಬದಿಗೆ ಸರಿಸಿ, ಪರೀಕ್ಷೆಯ ಪೇಪರು ತಿದ್ದುವ ಮೇಷ್ಟ್ರಂತೆ ನೋಡುತ್ತಾನೆ. ಟ್ರೇಲರಿನ ವಿಡಿಯೋ ಕಾಲ್‌ನಲ್ಲಿ ಹುಡುಗಿಯ ಬೆನ್ನ ಹಿಂದೆ ಬಾಗಿಲು ತೆರೆದರೆ, "ಈಗ ಆವಾಜ್ ಬಂದ್ ಆಗ್ತದ ನೋಡ್ರಿ" ಎನ್ನುತ್ತಾನೆ, ಹಾಗೇ ಆಗುತ್ತದೆ. ಸತ್ತವಳ ನಂಬರಿನಿಂದ ಮೆಸೇಜು ಬಂದರೆ, "ನಮಗ ಸಿಗಲಾರದ ನೆಟ್‌ವರ್ಕು ದೆವ್ವಕ್ಕ ಹ್ಯಾಂಗ ಸಿಗ್ತದರಿ?" ಎಂದು ನಗುತ್ತಾನೆ. ಅಂಗಡಿ ಮುಂದೆ ನಿಂತು ನೋಡುವ ನಾವೆಲ್ಲ ಬೆಚ್ಚಿಬಿದ್ದರೂ ಅವನ ಹುಬ್ಬು ಅಲುಗುವುದಿಲ್ಲ. ಈ ಬರದಲ್ಲಿ ಸುತ್ತಲಿನ ಗಂಡಸರೆಲ್ಲ ಪುಣೆಗೆ ದುಡಿಯಲು ಹೋದ ಮೇಲೆ, ದೊಡ್ಡ ಫೋನಿಲ್ಲದ ಹೆಂಗಸರು ಅವರ ಮುಖ ನೋಡಲು ಇವನ ಅಂಗಡಿಗೇ ಬರುತ್ತಾರೆ. ಮೊನ್ನೆ ಠಾಣಾ ಕುಶನೂರಿನ ಶಾಲುಬಾಯಿ ಗಂಡನೊಡನೆ ಮಾತಾಡುತ್ತಿದ್ದಾಗ ಚಿತ್ರ ನಿಂತು ಚಕ್ರ ತಿರುಗತೊಡಗಿತು. ಮನ್ಮಥಪ್ಪ ಥಟ್ಟನೆ ಅಂಗೈಯಿಂದ ಪರದೆ ಮುಚ್ಚಿಬಿಟ್ಟ. ಹೋದ ಬೇಸಿಗೆಯಲ್ಲಿ ಪುಣೆಯಿಂದ ಮಾತಾಡುತ್ತಿದ್ದ ಮನ್ಮಥಪ್ಪನ ತಮ್ಮನ ಮುಖವೂ ಹೀಗೇ ನಗುತ್ತ ನಿಂತುಹೋಗಿತ್ತು. ಆಮೇಲೆ ಊರಿಗೆ ಬಂದದ್ದು ಅವನ ಹೆಣ. "ಕೈ ತಗೀರಿ ಅಣ್ಣಾ, ಅವರ ಮಾರಿ ಕಾಣವಲ್ದು" ಎಂದಳು ಶಾಲುಬಾಯಿ. ಮನ್ಮಥಪ್ಪ ಕೈ ತೆಗೆಯಲಿಲ್ಲ. "ತಡಿ ತಂಗಿ, ಮೊದಲ ಅವನ ಆವಾಜ್ ಬರಲಿ. ಆಮ್ಯಾಲ ಮಾರಿ ತೋರಸ್ತೇನಿ."